ಕ್ಯಾಪ್ಟನ್ನಿಗೊಂದು ಬಾಡಿಗೆ ಮನೆ

ನಮ್ಮ ಭಾವನ ವಿಷಯ ಹೇಳಿದರೆ ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಸರವಿಲ್ಲ, ಹುಣಸೂರಿನ ಅರ್ಧ ಊರು ಕಣ್ಣಾರೆ ಕಂಡೂ ನಂಬಲಿಲ್ಲ. ಲೋಕದಲ್ಲಿ ಗಂಡಸರು ಹೆಂಡತಿಗಾಗಿ ಮನೆ ಹುಡುಕುತ್ತಾರೆ, ಮಕ್ಕಳಿಗಾಗಿ ಹುಡುಕುತ್ತಾರೆ, ಅಣ್ಣತಮ್ಮಂದಿರ ಕಾಟ ತಾಳಲಾರದೆ ಹುಡುಕುವವರೂ ಇದ್ದಾರೆ. ನಮ್ಮ ಭಾವ ಮಾತ್ರ ಮೂರು ತಿಂಗಳು ಬೀದಿ ಬೀದಿ ಅಲೆದದ್ದು ಒಂದು ನಾಯಿಗೆ ಒಪ್ಪುವ ಮನೆ ಸಿಗಲಿ ಎಂದು. ನಾನು ಕಟ್ಟಿ ಹೇಳುತ್ತಿಲ್ಲ, ಅವರೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು!

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಕೊಡಗಿನ ಒಂದು ಕಾಫಿ ತೋಟದಲ್ಲಿ ಹದಿನಾರು ವರ್ಷ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಆಗಿನ್ನೂ ಕೊಡಗು ಬೇರೆ ರಾಜ್ಯ. ಕಾವೇರಿ ಸೇತುವೆಯ ಆಚೆ ಅವರ ಸರ್ಕಾರ, ಈಚೆ ನಮ್ಮ ಸರ್ಕಾರ. ಪಿರಿಯಾಪಟ್ಟಣದ ಕಡೆಯವರು ಬೆಳಿಗ್ಗೆ ದನ ಮಾರಲು ಆಚೆ ಹೋಗಿ ಮಧ್ಯಾಹ್ನದ ಊಟಕ್ಕೆ ಈಚೆ ಬರುತ್ತಿದ್ದರು. ಯಾರೂ ಅದನ್ನು ಪರದೇಶ ಎಂದು ಕರೆದವರಲ್ಲ. ನಮ್ಮ ಭಾವ ಕರೆದರು. ಹುಣಸೂರಿಗೆ ಬಂದಿಳಿದ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ನೋಡಯ್ಯಾ, ಹದಿನಾರು ವರ್ಷ ಫಾರಿನ್‌ನಲ್ಲಿದ್ದೋನು ನಾನು. ಇಲ್ಲಿನ ನೀರು, ಗಾಳಿ, ಜನ ಎಲ್ಲ ಹೊಸದು. ಹೊಂದಿಕೊಳ್ಳೋಕೆ ಸ್ವಲ್ಪ ಟೈಮ್ ಬೇಕು" ಅಂದರು. ಇವರು ಹುಟ್ಟಿದ್ದು ಎಲ್ಲಿ ಅಂತೀರಿ? ರಾವಂದೂರಿನಲ್ಲಿ. ನಮ್ಮೂರಿನಿಂದ ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯ ದೂರ.

ವೇಷವೂ ಫಾರಿನ್ನಿನದೇ. ಮೊಣಕಾಲ ತನಕ ಖಾಕಿ ಚಡ್ಡಿ, ಕಾಲಿಗೆ ಉದ್ದನೆಯ ಕಾಲುಚೀಲ, ತಲೆಗೆ ದೊರೆಗಳ ಟೊಪ್ಪಿ, ಟೊಪ್ಪಿಯ ಕೆಳಗೆ ಹಣೆ ತುಂಬ ಮೂರು ಬೆರಳಿನ ವಿಭೂತಿ. ಕೊರಳಲ್ಲಿ ಒಂದು ಕಡೆ ಲಿಂಗದ ಕರಡಿಗೆ, ಇನ್ನೊಂದು ಕಡೆ ತೋಟದ ಆಳುಗಳನ್ನು ಕರೆಯುವ ಪೀಪಿ. ನಾನಿದ್ದ ವಠಾರಕ್ಕೆ ಬಂದ ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು ಅಂಗಳದಲ್ಲಿ ನಿಂತು ಪೀಪಿ ಊದಿಯೇಬಿಟ್ಟರು. ವಠಾರದ ಆರು ಮನೆಯವರೂ ಬೆಂಕಿ ಬಿತ್ತೆಂದು ಹೊರಗೋಡಿ ಬಂದರು. ಭಾವ ಗಾಬರಿಯಾಗಲಿಲ್ಲ. ಎಲ್ಲರನ್ನೂ ಒಮ್ಮೆ ನೋಡಿ, "ಇಬ್ಬರು ಕಮ್ಮಿ ಇದ್ದಾರೆ" ಅಂದರು.

ಇಷ್ಟು ಸುಖವಾಗಿದ್ದ ಫಾರಿನ್ ಬಿಟ್ಟು ಬಂದದ್ದೇಕೆ? ಅದು ಅಕ್ಕನ ಕಾರಣಕ್ಕೆ. ಅಕ್ಕನಿಗೆ ಎದೆ ಕಾಯಿಲೆ. ಮೈಸೂರಿನ ಆಸ್ಪತ್ರೆಯಲ್ಲಿ ಆರು ತಿಂಗಳು ಮಲಗಿ ಎದ್ದಿದ್ದಳು. ಕಳಿಸಿಕೊಡುವಾಗ ಡಾಕ್ಟರು ಭಾವನಿಗೆ ಖಡಾಖಂಡಿತವಾಗಿ ಹೇಳಿದ್ದರು: ಕೊಡಗಿನ ಥಂಡಿ ಇನ್ನು ಕೂಡದು, ಬಿಸಿಲು ಗಾಳಿ ಆಡುವ ಮನೆ ಬೇಕು, ಅವಳ ಕೋಣೆ ಬೇರೆಯೇ ಇರಬೇಕು, ಇದಾಗದಿದ್ದರೆ ಬರುವ ಮಳೆಗಾಲ ಕಳೆಯುವುದು ಕಷ್ಟ. ಇದನ್ನು ಭಾವ ನನಗೆ ಹೇಳಿದರು. ಅಕ್ಕನಿಗೆ ಹೇಳಿದ್ದು ಬೇರೆ: "ಕಾಯಿಲೆ ಪೂರ್ತಿ ಹೋಯ್ತಂತೆ ಕಣೆ. ನಿನ್ನಿಂದ ಇನ್ನು ಯಾರಿಗೂ ಅಂಟೋ ಭಯ ಇಲ್ಲವಂತೆ. ಸ್ವಲ್ಪ ಬಿಸಿಲು ಕಾಯಿಸಿಕೊಂಡರೆ ಸಾಕಂತೆ." ಹೀಗೆ ಹೇಳಿ, ತೋಟದ ಕೆಲಸ ಬಿಟ್ಟು, ಹುಣಸೂರಿನ ಒಂದು ನಾಟಾ ಡಿಪೋದಲ್ಲಿ ಮರದ ದಿಮ್ಮಿ ಲೆಕ್ಕ ಬರೆಯುವ ಕೆಲಸ ಹಿಡಿದರು.

ಬರುವಾಗ ಸುಮ್ಮನೆ ಬಂದರೇ? ನಾಯಿಯನ್ನೂ ಕರೆತಂದರು. ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಮ್ಯಾನೇಜರಿಗೆ ಕೋವಿ ಕೊಟ್ಟನಂತೆ, ಅಡಿಗೆಯವನಿಗೆ ಗಡಿಯಾರ ಕೊಟ್ಟನಂತೆ, ನಮ್ಮ ಭಾವನಿಗೆ ಈ ನಾಯಿ ಕೊಟ್ಟನಂತೆ. ಕರುವಿನಷ್ಟು ಎತ್ತರ, ಕಂದು ಬಣ್ಣ, ಜೋಲು ಕಿವಿ. ಹೆಸರು ಕ್ಯಾಪ್ಟನ್. ಬಸ್ಸಿನ ಕಂಡಕ್ಟರು ನಾಯಿಯನ್ನು ಹತ್ತಿಸುವುದಿಲ್ಲವೆಂದನಂತೆ. ಕೊನೆಗೆ ಅಕ್ಕನನ್ನು ಒಳಗೆ ಕೂರಿಸಿ, ಭಾವನೂ ಕ್ಯಾಪ್ಟನ್ನೂ ಬಸ್ಸಿನ ತಲೆಯ ಮೇಲೆ ಕಿತ್ತಳೆ ಬುಟ್ಟಿಗಳ ನಡುವೆ ಕೂತು ಬಂದರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಕತ್ತೆತ್ತಿ ನೋಡಿದರೆ, ಟೊಪ್ಪಿ ಗಾಳಿಗೆ ಹಾರೀತೆಂದು ಭಾವ ಅದನ್ನು ನಾಯಿಯ ತಲೆಗೆ ಹಾಕಿ ಕೈಯಿಂದ ಅದುಮಿ ಹಿಡಿದಿದ್ದರು.

ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ವಠಾರದಲ್ಲಿ ನನ್ನದು ಒಂದು ಕೋಣೆ, ಒಂದು ಅಡಿಗೆಮನೆ. ಹೆಂಡತಿ, ಎಂಟು ತಿಂಗಳ ಕೂಸು. ಅಲ್ಲಿಗೆ ಅಕ್ಕ, ಭಾವ, ಕ್ಯಾಪ್ಟನ್ ಬಂದು ಸೇರಿದರು. ಅಕ್ಕ ಬಂದ ದಿನವೇ ನನ್ನ ಹೆಂಡತಿ ಅವಳ ತಟ್ಟೆ ಲೋಟ ಬೇರೆ ಮಾಡಿ ಕಿಟಕಿಯ ಮೇಲಿಟ್ಟಳು. "ಯಾವುದಕ್ಕೂ ಇರಲಿ, ಮಗು ಇದೆಯಲ್ಲ" ಅಂದಳು. ನಾನು ಬೇಡವೆನ್ನಲಿಲ್ಲ. ಹಗಲೆಲ್ಲ ಅಕ್ಕ ಜಗಲಿಯಲ್ಲಿ ಕೂತಿರುತ್ತಿದ್ದಳು, ಕೂಸನ್ನು ದೂರದಿಂದಲೇ ಆಡಿಸುತ್ತಿದ್ದಳು. ನನಗೆ ಅವಳ ಮೇಲೆ ಪ್ರಾಣವೇ ಇತ್ತು. ಆದರೂ ಅವಳು ಬೇಗ ಬೇರೆ ಮನೆಗೆ ಹೋದರೆ ಸಾಕೆಂದು ನಾನು ದಿನ ಎಣಿಸಿದ್ದೂ ಉಂಟು. ಸುಳ್ಳೇಕೆ ಹೇಳಲಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನಾಯಿ ಕಟ್ಟಿಕೊಂಡು ಬಾಡಿಗೆ ಮನೆ ಹುಡುಕಿ ನೋಡು ಎಂದೂ ಸೇರಿಸಬೇಕಿತ್ತು. ಯುಗಾದಿ ಕಳೆದಿತ್ತು. ಆಷಾಢ ಹಿಡಿದರೆ ಯಾರೂ ಮನೆ ಕೊಡುವುದಿಲ್ಲ, ಕೊಟ್ಟರೂ ಯಾರೂ ಹಾಲುಕ್ಕಿಸುವುದಿಲ್ಲ. ಆಷಾಢದ ಬೆನ್ನಿಗೇ ಮಳೆ. ಅಷ್ಟರೊಳಗೆ ಅಕ್ಕನಿಗೊಂದು ಬಿಸಿಲಿನ ಕೋಣೆ ಆಗಬೇಕಿತ್ತು.

ಮೊದಲು ಹೋದದ್ದು ಪೆನ್ಷನ್ನಾದ ಒಬ್ಬ ಶಿರಸ್ತೇದಾರರ ಮನೆಗೆ. ಮಹಡಿಯ ಮೇಲೆ ಎರಡು ಕೋಣೆ ಖಾಲಿ, ಬೆಳಗಿನಿಂದ ಸಂಜೆವರೆಗೆ ಬಿಸಿಲು. ನಾನು ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತೆ. ಭಾವ ಕ್ಯಾಪ್ಟನ್ನನ್ನು ಕರೆದುಕೊಂಡು ಜಗಲಿ ಹತ್ತಿದರು. ಒಳಗೆ ಏನು ಮಾತಾಯಿತೋ, ಐದು ನಿಮಿಷಕ್ಕೆ ಇಬ್ಬರೂ ಹೊರಗೆ ಬಂದರು. ಬೆನ್ನಿಗೇ ಶಿರಸ್ತೇದಾರರ ಹೆಂಡತಿ ಬಿಂದಿಗೆ ತಂದು ಜಗಲಿಗೆಲ್ಲ ನೀರು ಹೊಯ್ದರು.

"ಏನಂತೆ ಭಾವ?"

"ಕ್ಯಾಪ್ಟನ್ ಮುಟ್ಟಿದ್ದು ಮೈಲಿಗೆಯಾಯ್ತಂತೆ. ಅಲ್ಲಯ್ಯಾ, ಇವನು ನಿನ್ನೆ ತಾನೆ ಸೋಪು ಹಾಕಿ ಸ್ನಾನ ಮಾಡಿದ್ದಾನೆ. ಆ ಮನುಷ್ಯ ಮಾಡಿ ಎಷ್ಟು ದಿನ ಆಗಿದೆಯೋ."

ಮನೆಗೆ ಬಂದು ಅಕ್ಕನ ಮುಂದೆ ಇದನ್ನೇ ಬಣ್ಣ ಹಚ್ಚಿ ಹೇಳಿದರು. ಶಿರಸ್ತೇದಾರರಂತೆ ಮೂಗು ಮುಚ್ಚಿಕೊಂಡು ತೋರಿಸಿದರು. ಅಕ್ಕ ಕೆಮ್ಮು ಬರುವ ತನಕ ನಕ್ಕಳು. ಆಮೇಲೆ ನಾಯಿಗೆ ಬೆರಳು ತೋರಿಸಿ, "ನಿನ್ನಿಂದ ಕಣೋ ಮುಂಡೇದೆ, ಒಳ್ಳೇ ಮನೆ ತಪ್ಪಿಹೋಯ್ತು" ಅಂದಳು. ಕ್ಯಾಪ್ಟನ್ ಬಾಲ ಅಲ್ಲಾಡಿಸಿತು.

ಎರಡನೆಯದು ಮಂಡಿ ಸಾಹುಕಾರರ ಮನೆ. ನಮ್ಮವರೇ, ಶಿವಭಕ್ತರು, ನನಗೆ ಗುರುತು. ಮಂಡಿಯ ಹಿಂದಿನ ಮನೆ ಖಾಲಿಯಾದದ್ದೇ ನನ್ನನ್ನು ಕರೆದು, "ಮೇಷ್ಟ್ರೇ, ನಿಮ್ಮ ಭಾವಾರ್ಗೆ ಏಳಿ. ಶುಕ್ರವಾರ ಮನೇವ್ರನ್ನ ಕರ್ಕಂಡ್ ಬಂದು ಒಲೆ ನೋಡ್ಲಿ" ಅಂದರು. ನಮ್ಮ ಕಡೆ ಬಾಡಿಗೆ ಮಾತಾಡುವವರು ಗಂಡಸರಾದರೂ ಮನೆ ಕೊಡುವವರು ಹೆಂಗಸರು. ಬರುವ ಮನೆಯಾಕೆ ಬಂದು ಅಡಿಗೆಮನೆ ಹೊಕ್ಕು ಒಲೆ ನೋಡಬೇಕು. ಮನೆಯೊಡತಿ ಅವಳಿಗೆ ಅರಿಸಿನ ಕುಂಕುಮ ಕೊಟ್ಟು, ಎಲೆ ಅಡಿಕೆ ಇಡಬೇಕು. ತಟ್ಟೆಯಲ್ಲಿ ಎಲೆ ಬಿತ್ತು ಎಂದರೆ ಮನೆ ಕೊಟ್ಟಂತೆ. ಒಲೆ ನೋಡದೆ ಮನೆ ಹಿಡಿದವರನ್ನು ನಾನು ಕಂಡಿಲ್ಲ.

ಶುಕ್ರವಾರ ಅಕ್ಕ ಜರಿಯಂಚಿನ ಸೀರೆ ಉಟ್ಟು, ಹೂ ಮುಡಿದು ಸಿದ್ಧವಾಗಿ ಕೂತಿದ್ದಳು. ಭಾವ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಿಸಿಲು ಜಾಸ್ತಿ ಇದೆ, ನೀನು ಬೇಡ. ನಾನು ಕ್ಯಾಪ್ಟನ್ ಹೋಗಿ ಬರ್ತೀವಿ" ಅಂದರು. ಬಿಸಿಲು ಕಾಯಿಸಲಿಕ್ಕೆಂದೇ ಊರು ಬಿಟ್ಟು ಬಂದವರ ಮಾತು ನೋಡಿ ಇದು! ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಮಂಡಿ ಸಾಹುಕಾರರ ಹೆಂಡತಿ ಹೊಸಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಸಾಹುಕಾರರು ನಮ್ಮ ಹಿಂದೆ ಮುಂದೆ ನೋಡಿದರು.

"ಏನ್ರೀ ರೈಟರೇ, ಮನೇವ್ರನ್ನ ಕರ್ಕಂಡ್ ಬನ್ನಿ ಅಂದ್ರೆ ನಾಯಿ ಕರ್ಕಂಡ್ ಬಂದಿದ್ದೀರಲ್ಲ?"

"ನಮ್ಮನೇಲಿ ಇವನ ಮಾತೇ ನಡೆಯೋದು ಸಾಹುಕಾರರೇ. ಇವನು ಒಪ್ಪಿದರೆ ಅವಳು ಒಪ್ಪಿದ ಹಾಗೆ."

"ಒಲೆ ಅಚ್ಚೋರು ಯಾರು, ನಾಯಾ?"

ಭಾವ ನಗಲಿಲ್ಲ. ಕ್ಯಾಪ್ಟನ್ನನ್ನು ಅಡಿಗೆಮನೆಗೇ ಬಿಟ್ಟರು. ಅದು ಒಲೆಯ ಬೂದಿ ಮೂಸಿ ಎರಡು ಸಲ ಸೀನಿತು. ಸಾಹುಕಾರರ ಹೆಂಡತಿ "ಶಿವ ಶಿವಾ" ಎಂದು ತಟ್ಟೆ ಸಮೇತ ಹಿಂದಕ್ಕೆ ಸರಿದರು. ಭಾವ ಸಾಹುಕಾರರನ್ನು ಹಿತ್ತಲಿನ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಏನೋ ಮಾತಾಡಿದರು. ಬಂದಾಗ ಸಾಹುಕಾರರ ಮುಖ ಇಳಿದಿತ್ತು. ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದರು, ತಟ್ಟೆ ಒಳಗೆ ಹೋಯಿತು. ನನ್ನ ಕಡೆ ನೋಡದೆ, ಗೋಡೆಗೆ ಹೇಳುವವರ ಹಾಗೆ, "ನಾಯಿ ಇಟ್ಕಂಡಿರೋರ್ಗೆ ಕೊಡಾಕಾಗಲ್ಲ ಬುಡಿ ಮೇಷ್ಟ್ರೇ" ಅಂದರು.

ಬೀದಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಭಾವ, ನಿಮಗೆ ನಾಯಿ ಹೆಚ್ಚೋ ಅಕ್ಕ ಹೆಚ್ಚೋ?" ಎಂದು ಕೇಳಿಯೇಬಿಟ್ಟೆ. ಅವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. "ಕ್ಯಾಪ್ಟನ್ನಿಗೆ ಆ ಒಲೆ ಹಿಡಿಸಲಿಲ್ಲ ಕಣಯ್ಯಾ" ಅಂದರು.

ಹೀಗೆ ಒಂದಲ್ಲ ಎರಡಲ್ಲ. ಒಂದು ಮನೆಯಲ್ಲಿ ನಾಯಿಗೆ ಬಚ್ಚಲು ಇಕ್ಕಟ್ಟು. ಇನ್ನೊಂದರಲ್ಲಿ ಎದುರುಮನೆಯ ಬೆಕ್ಕಿನ ನೋಟ ಸರಿಯಿಲ್ಲ. ಭಾವ ಒಂದು ಭಾನುವಾರ ಕೃಷ್ಣರಾಜನಗರಕ್ಕೂ ಹೋಗಿ ಬಂದರು. ಅಲ್ಲಿಯ ಮನೆಯೊಡೆಯನೂ ನಾಯಿ ಸಾಕಿದ್ದನಂತೆ, ಎರಡಕ್ಕೂ ಜಾತಕ ಕೂಡಿಬರಲಿಲ್ಲವಂತೆ. ಊರಿಗೆಲ್ಲ ಇದೇ ತಮಾಷೆ. ನಾನು ಕ್ಲಾಸಿಗೆ ಹೋದರೆ ಹಿಂದಿನ ಸಾಲಿನಲ್ಲಿ ಯಾರೋ ಬೌ ಅನ್ನುತ್ತಿದ್ದರು. ಹೋಟೆಲಿನಲ್ಲಿ, "ಕ್ಯಾಪ್ಟನ್ ಸಾಯೇಬ್ರಿಗೆ ಬಂಗ್ಲೆ ಸಿಕ್ತಾ ಮೇಷ್ಟ್ರೇ?" ಎಂದು ಕೇಳದೆ ಕಾಫಿ ಕೊಡುತ್ತಿರಲಿಲ್ಲ.

ಅಕ್ಕನ ಮೈ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಸಂಜೆಯಾದರೆ ಸಣ್ಣ ಜ್ವರ. ಕಾಂಪೌಂಡರು ಇಂಜೆಕ್ಷನ್ ಕೊಟ್ಟು ಹೋಗುವಾಗ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಈ ಕತ್ತಲೆ ಕೋಣೆಯಿಂದ ಬೇಗ ಸಾಗಿಸಿ" ಅಂದಿದ್ದರು.

ಕೊನೆಗೆ ನನ್ನ ತಾಳ್ಮೆ ಕಿತ್ತುಹೋದದ್ದು ಹಳೇ ಪೇಟೆಯ ಅಜ್ಜಿಯ ಮನೆಯಲ್ಲಿ. ಕಂಬಳಿ ನೇಯುವವರ ಮನೆ. ಮನೆಯ ಪಕ್ಕಕ್ಕೆ ಒಂದು ಬಿಡಿ ಕೋಣೆ, ಎರಡು ಕಿಟಕಿ, ಮುಂದೆ ಬೇವಿನ ಮರ. ಅಜ್ಜಿ ಮೈಲಾರಲಿಂಗನ ಒಕ್ಕಲು. ಅವರಿಗೆ ನಾಯಿ ಎಂದರೆ ದೇವರ ವಾಹನ. ಕ್ಯಾಪ್ಟನ್ನನ್ನು ಕಂಡದ್ದೇ, "ನಮ್ಮಪ್ಪ ಮೈಲಾರನೇ ಬಂದಂಗಾಯ್ತು" ಎಂದು ಅದರ ಹಣೆಗೆ ಭಂಡಾರ ಹಚ್ಚಿ, ಬಟ್ಟಲಲ್ಲಿ ಹಾಲು ಇಟ್ಟರು. ಸದ್ಯ, ನಾಯಿಗೆ ಕೈಮುಗಿಯುವ ಮನೆಯೇ ಸಿಕ್ಕಿತಲ್ಲ ಎಂದು ನನಗೆ ಕುಣಿಯುವಷ್ಟು ಸಂತೋಷ. ಪಕ್ಕಕ್ಕೆ ಹೋಗಿ ಕೋಣೆಯ ಕಿಟಕಿ ತೆಗೆದು ಗಾಳಿ ನೋಡಿ ಬರುವಷ್ಟರಲ್ಲಿ ಭಾವ ನಾಯಿಯ ಸರಪಳಿ ಹಿಡಿದು ಬೀದಿಯಲ್ಲಿದ್ದರು.

"ಬೇಡ ಬಾರಯ್ಯಾ. ಇಲ್ಲಿ ಇವನಿಗೆ ಪೂಜೆ ಜಾಸ್ತಿಯಾಯ್ತು. ತಲೆ ತಿರುಗುತ್ತೆ."

ಆ ದಿನ ಇಡೀ ನಾನು ಅವರೊಂದಿಗೆ ಮಾತಾಡಲಿಲ್ಲ. ಮನಸ್ಸಿನಲ್ಲಿ ಒಂದೇ ಯೋಚನೆ: ಈ ನಾಯಿ ಇರುವ ತನಕ ನನ್ನ ಅಕ್ಕನಿಗೆ ಮನೆ ಸಿಗುವುದಿಲ್ಲ, ಮನೆ ಸಿಗದಿದ್ದರೆ ಅವಳು ಉಳಿಯುವುದಿಲ್ಲ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದೆ. ಭಾವ ಡಿಪೋದಿಂದ ಇನ್ನೂ ಬಂದಿರಲಿಲ್ಲ. ಕ್ಯಾಪ್ಟನ್ನನ್ನು ಕರೆದುಕೊಂಡು ಸೀದಾ ಲಾರಿ ನಿಲ್ಲುವ ಜಾಗಕ್ಕೆ ಹೋದೆ. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಮರ ಕಡಿಯುವ ಕೂಪಿಗೆ ಹೋಗುವ ಒಂದು ಲಾರಿ ಹೊರಟು ನಿಂತಿತ್ತು. ಡ್ರೈವರು ನಾಯಿಯನ್ನು ನೋಡಿ ಖುಷಿಯಾದ. "ಕೊಡಿ ಮೇಷ್ಟ್ರೇ. ಕೋಟೆ ಕೂಪಿನಾಗೆ ನಾಯಿ ನಿಲ್ಲಾಕಿಲ್ಲ. ಚಿರತೆ ಕಾಟ. ಓದ ತಿಂಗ್ಳು ಎರಡು ಒಂಟೋದೋ" ಅಂದ. ಅಷ್ಟು ಕೇಳಿಯೂ ನಾನು ಸರಪಳಿ ಅವನ ಕೈಗೆ ಕೊಟ್ಟೆ. ಕ್ಯಾಪ್ಟನ್ ಲಾರಿ ಹತ್ತಿ, ಬಸ್ಸಿನ ಮೇಲೆ ಕೂತಂತೆಯೇ ಗಂಭೀರವಾಗಿ ಕೂತುಕೊಂಡಿತು. ಅದರ ಮುಖ ನೋಡಲಾರದೆ ನಾನು ತಿರುಗಿ ನಡೆದೆ.

ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದೆ. ದೊಡ್ಡ ಸಾಹಸ ಮಾಡಿ ಬಂದವನ ಹಾಗೆ. "ನಾಯಿಯನ್ನು ಕಳಿಸಿಬಿಟ್ಟೆ ಅಕ್ಕ. ಇನ್ನು ಯಾರು ಮನೆ ಇಲ್ಲ ಅಂತಾರೋ ನೋಡೋಣ. ಸಂಜೆಯೇ ಅಜ್ಜಿಯ ಮನೆಗೆ ಹೋಗಿ ಮಾತಾಡಿ ಬರ್ತೀನಿ."

ಭಾವ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಕ್ಕನ ಮುಖ ನೋಡಿದರು, ತಟ್ಟೆ ನೋಡಿದರು. "ಯಾವ ಲಾರಿ?" ಎಂದು ಮಾತ್ರ ಕೇಳಿದರು. ಹೇಳಿದೆ. ಎದ್ದು ಕೈ ತೊಳೆದು, ನನ್ನ ಸೈಕಲ್ಲು ತೆಗೆದುಕೊಂಡು ಹೊರಟೇಹೋದರು. ಟೊಪ್ಪಿ ಗೂಟದಲ್ಲೇ ಉಳಿಯಿತು. ಅಕ್ಕ ತನ್ನ ತಟ್ಟೆಯನ್ನು ತಾನೇ ತೊಳೆದು ಕಿಟಕಿಯ ಮೇಲಿಟ್ಟಳು.

ಸಂಜೆ ಅಜ್ಜಿಯ ಮನೆಗೆ ಹೋದೆ. "ಭಾವ ಬೇಡ ಅಂದದ್ದು ನಾಯಿಯಿಂದ. ಈಗ ನಾಯಿ ಇಲ್ಲ ಅಜ್ಜಿ, ಕಳಿಸಿಬಿಟ್ಟೆ. ಕೋಣೆ ಕೊಡಿ" ಅಂದೆ. ಅಜ್ಜಿ ನೂಲು ತೆಗೆಯುತ್ತಿದ್ದ ಕೈ ಬಿಟ್ಟು ನನ್ನನ್ನು ನೋಡಿದರು.

"ನಾಯೀನ ನಾನೇನ್ ಬ್ಯಾಡ ಅಂದ್ನಾ ಮೇಷ್ಟ್ರೇ? ಮೈಲಾರಪ್ಪನ ನಾಯಿ ಅದು, ಅದ್ಯಾಕೆ ಕಳ್ಸುದ್ರಿ? ನಿಮ್ಮಕ್ಕಾರ್ಗೆ ಎದೆ ಕಾಯ್ಲೆಯಂತಲ್ಲ. ನಿಮ್ ಭಾವಾರೇ ಏಳುದ್ರು. ಕೇಳ್ದೆ ಇದ್ರೂ ಅವ್ರೇ ಏಳುದ್ರು. ನನ್ ಮಗ ಅದೇ ಕಾಯ್ಲೇಲಿ ಓದ. ಮನೇಲಿ ಅವನ ಮೂರು ಮಕ್ಳವೆ. ನಾನೆಂಗೆ ಕೊಡ್ಲಿ ಏಳಿ."

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಆಗಾಕಿಲ್ಲ ಅಂದ್ಮೇಲೆ ಒಂದ್ ಮಾತು ಕೇಳ್ಕಂಡ್ರು. ಯಾರಾರ ಕೇಳುದ್ರೆ ನಾಯಿ ದೆಸೆಯಿಂದ ಕೊಡ್ನಿಲ್ಲ ಅಂತ್ಲೇ ಏಳ್ಬುಡಿ ತಾಯಿ, ನಿಮ್ ಕಾಲಿಗೆ ಬೀಳ್ತೀನಿ ಅಂದ್ರು. ಬಿದ್ದೇಬುಟ್ರು. ಅಷ್ಟ್ ದೊಡ್ ಮನ್ಸ."

ಶಿರಸ್ತೇದಾರರ ಹೆಂಡತಿ ಜಗಲಿಗೆ ನೀರು ಹೊಯ್ದದ್ದು ನಾಯಿ ಮುಟ್ಟಿದ್ದಕ್ಕಲ್ಲ. ಸಾಹುಕಾರರು ಗೋಡೆ ನೋಡಿ ಮಾತಾಡಿದ್ದು ಸುಮ್ಮನೆ ಅಲ್ಲ. ಇದೆಲ್ಲ ನನಗೆ ಆಗ ಅರ್ಥವಾಯಿತು. ಇವರೆಲ್ಲರಿಗಿಂತ ಹೆಚ್ಚು ಓದಿದವನು ನಾನು. ಮೂರು ತಿಂಗಳು ಪಕ್ಕದಲ್ಲೇ ನಿಂತಿದ್ದರೂ ನನಗೇ ಇದು ತಿಳಿದಿರಲಿಲ್ಲ.

ಭಾವ ಆ ದಿನ ಬರಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಮೊದಲನೇ ಬಸ್ಸಿಗೆ ಕೋಟೆಗೆ ಹೋಗಿ, ಅಲ್ಲಿಂದ ಕೂಪಿಗೆ ನಡೆದೆ. ಮರ ಕಡಿದು ರಾಶಿ ಹಾಕಿದ ಬಯಲು. ಒಂದು ದಿಮ್ಮಿಯ ಮೇಲೆ ಭಾವ ಕೂತಿದ್ದರು, ಮೈಯೆಲ್ಲ ಕೆಂಪು ಧೂಳು. ಸೈಕಲ್ಲಿನ ಚೈನು ಹರಿದು ಪಕ್ಕದಲ್ಲಿ ಬಿದ್ದಿತ್ತು. ಕ್ಯಾಪ್ಟನ್ ಅವರ ಪಾದದ ಮೇಲೆ ತಲೆ ಇಟ್ಟು ಮಲಗಿತ್ತು. ಚಿರತೆಗೆ ಅದು ಒಪ್ಪಿಗೆಯಾಗಿರಲಿಲ್ಲವೆಂದು ಕಾಣುತ್ತದೆ.

"ಅಜ್ಜಿ ಎಲ್ಲ ಹೇಳಿದರು ಭಾವ."

ಅವರು ನನ್ನ ಕಡೆ ನೋಡಲಿಲ್ಲ. "ಮುದುಕಿಯರ ಬಾಯಲ್ಲಿ ಏನು ನಿಲ್ಲುತ್ತಯ್ಯಾ."

"ಮೊದಲೇ ಯಾಕೆ ಹೇಳ್ತಿದ್ದಿರಿ? ಮನೆ ಸೇರಿದ ಮೇಲೆ ನೋಡಿಕೊಂಡರಾಗುತ್ತಿರಲಿಲ್ಲವಾ?"

"ಅವರ ಮನೇಲೂ ಮಕ್ಕಳಿರ್ತಾವೆ. ಹೇಳದೆ ಹ್ಯಾಗೆ ಸೇರಿಕೊಳ್ಳೋದು? ಆಮೇಲೆ ಗೊತ್ತಾದರೆ ಸಾಮಾನು ಬೀದಿಗೆ ಹಾಕ್ತಾರೆ. ಅದನ್ನ ಅವಳು ನಿಂತು ನೋಡಬೇಕಾ?" ನಾಯಿಯ ಕಿವಿಯ ಧೂಳು ಒರೆಸಿದರು. "ಒಲೆ ನೋಡೋಕೆ ಅವಳನ್ನ ಕರಕೊಂಡು ಹೋದೆ ಅಂತಿಟ್ಟುಕೋ. ಕುಂಕುಮದ ತಟ್ಟೆ ಅವಳ ಕಣ್ಣೆದುರಿಗೇ ಒಳಗೆ ಹೋಗುತ್ತೆ. ನಾಯಿಗಾದರೆ ಏನು, ಕುಂಕುಮ ಕೊಡದಿದ್ದರೂ ಬೇಜಾರಿಲ್ಲ. ಅವಳು ಕಾಯಿಲೆ ಹೋಗಿದೆ ಅಂದುಕೊಂಡಿದ್ದಾಳೆ ಕಣಯ್ಯಾ. ಆ ಧೈರ್ಯದ ಮೇಲೆ ಬದುಕಿದ್ದಾಳೆ. ಹೇಳಬೇಡ."

ಹೇಳುವುದಿಲ್ಲ ಎಂದೆ. ನಾಯಿಯ ತಲೆ ಮುಟ್ಟಿ ಹೇಳಿದೆ. ಬೇರೆ ಯಾವ ಪ್ರಮಾಣ ನೆನಪಾಗಲಿಲ್ಲ.

ಮೂವರೂ ಒಂದು ಎತ್ತಿನ ಗಾಡಿ, ಒಂದು ಲಾರಿ ಹಿಡಿದು ಊರಿಗೆ ಬಂದೆವು. ಭಾವ ಸೈಕಲ್ಲು ರಿಪೇರಿಗೆಂದು ಪೇಟೆಯಲ್ಲೇ ಇಳಿದರು. ನಾನು ನಾಯಿ ಹಿಡಿದು ವಠಾರಕ್ಕೆ ಬಂದರೆ ಅಕ್ಕ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು.

"ಕರಕೊಂಡು ಬಂದೆಯಾ? ಒಳ್ಳೇ ಕೆಲಸ ಮಾಡಿದೆ" ಅಂದಳು. "ಇನ್ನೊಂದು ಸಲ ಹೀಗೆ ಮಾಡಬೇಡ ಕಣೋ. ಅದು ಹೋದರೆ ನಿಮ್ಮ ಭಾವ ಯಾರ ಮೇಲೆ ಹಾಕ್ತಾರೆ?"

"ನಿನಗೆ ಗೊತ್ತಾ ಅಕ್ಕ?"

"ಊರಿಗೆ ಬಂದೋಳು ನೀರಿಗೆ ಬರಲ್ವೇನೋ? ಬಾವಿ ಹತ್ರ ನಾನು ಹೋದ್ರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಹೋಗ್ತಾರೆ. ನನ್ನ ಲೋಟ ಕಿಟಕಿ ಮೇಲಿರೋದು ನಾಯಿ ದೆಸೆಯಿಂದಲಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿದೆ. "ನಿನ್ನ ಹೆಂಡತಿ ಮಾಡಿದ್ದು ಸರಿ, ಅದಕ್ಕಲ್ಲ ಹೇಳಿದ್ದು. ನನಗೆ ಗೊತ್ತಿಲ್ಲ ಅಂತ ನಿಮ್ಮ ಭಾವ ತಿಳ್ಕೊಂಡಿದ್ದಾರೆ. ದಿನಾ ಸಂಜೆ ಬಂದು ನನ್ನ ನಗಿಸ್ತಾರೆ. ನಂಗೊತ್ತು ಅಂದ್ಬಿಟ್ರೆ ಆ ಮನುಷ್ಯ ಕುಸಿದು ಹೋಗ್ತಾರೆ. ಹೇಳಬೇಡ."

ಹೇಳುವುದಿಲ್ಲ ಎಂದು ಅವಳಿಗೂ ಮಾತು ಕೊಟ್ಟೆ. ಭಾವ ಸೈಕಲ್ಲು ತಳ್ಳಿಕೊಂಡು ಬಂದದ್ದೇ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನೋಡ್ರೀ, ಕಾಡಿಗೆ ಕಳಿಸಿದರೂ ಬಂತು ಈ ಶನಿ. ಇದು ಮನೇಲಿರೋ ತನಕ ನಮಗ್ಯಾರು ಮನೆ ಕೊಡ್ತಾರೆ?" ಭಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಅದೇ ನಾನೂ ಹೇಳೋದು" ಅಂದರು.

ಇಷ್ಟಾದ ಮೇಲೆ ಮನೆ ಸಿಕ್ಕಿತು. ಕೊಟ್ಟವರು ನಾಟಾ ಡಿಪೋದ ಧಣಿ. ರೈಟರು ಒಂದು ನಾಯಿಗಾಗಿ ಕೋಟೆಯ ತನಕ ಸೈಕಲ್ ತುಳಿದರಂತೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದು, ಅಷ್ಟು ಪಾಡುಪಡಬೇಕಾದರೆ ಅದು ಭಾರೀ ಕಾವಲು ನಾಯಿಯೇ ಇರಬೇಕೆಂದು ಅವರು ತೀರ್ಮಾನಿಸಿದರು! ಡಿಪೋದಲ್ಲಿ ದಿಮ್ಮಿ ಕಳುವಾಗುತ್ತಿತ್ತು. "ಹಿಂದೆ ಹೊಳೆ ಕಡೀಕೆ ಹಳೇ ಶೆಡ್ಡೈತೆ ರೈಟರೇ. ನಾಯಿ ಕರ್ಕಂಡ್ ಬಂದು ಅಲ್ಲೇ ಇರಿ" ಅಂದರು. ಭಾವ ಎಂದಿನಂತೆ ಪಕ್ಕಕ್ಕೆ ಕರೆದು ಕಾಯಿಲೆಯ ವಿಷಯ ಹೇಳಿದರು. ಧಣಿ ಎಲೆ ಅಡಿಕೆ ಉಗಿದು, "ಸುತ್ತ ಒಂದು ಮನೆಯಿಲ್ಲ. ದಿಮ್ಮಿಗೆ ಕಾಯ್ಲೆ ಅಂಟ್ತದೇನ್ರೀ?" ಅಂದರು.

ಆಷಾಢದಲ್ಲೇ ಹಾಲುಕ್ಕಿಸಿದರು. ತಗಡಿನ ಮಾಡು, ಮೂರು ಕಡೆ ಬಯಲು, ಮುಂದೆ ಲಕ್ಷ್ಮಣತೀರ್ಥ. ಡಾಕ್ಟರು ಹೇಳಿದಷ್ಟಲ್ಲ, ಅದರ ಎರಡರಷ್ಟು ಗಾಳಿ. ಕ್ಯಾಪ್ಟನ್ ದಿಮ್ಮಿಗಳ ಮೇಲೆ ಮಲಗಿ, ಕಳ್ಳರು ಬಂದರೆ ಬಾಲ ಅಲ್ಲಾಡಿಸುತ್ತಿತ್ತಂತೆ. ಒಂದು ಮಳೆಗಾಲವೂ ಕಳೆಯುವುದು ಕಷ್ಟ ಅಂದಿದ್ದರು; ಅಕ್ಕ ಅಲ್ಲಿ ಎರಡು ಮಳೆಗಾಲ ಕಳೆದಳು. ಮೂರನೆಯದು ಬರುವ ಮೊದಲೇ ಹೋದಳು.

ಹೊಳೆಯ ಆಚೆಗಿನ ನಮ್ಮವರ ಹೊಲದಲ್ಲಿ ಸಮಾಧಿ ಮಾಡಿದೆವು. ಭಾವ ಅಳಲಿಲ್ಲ. ಬಂದವರಿಗೆಲ್ಲ ಕೂರಲು ದಿಮ್ಮಿ ತೋರಿಸಿದರು, ನೀರು ಕೊಟ್ಟರು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತರು. ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಜನ ಮನೆ ಕೊಡದೇ ಇದ್ದದ್ದು ಯಾಕೆ ಅಂತ ಅವಳಿಗೇನಾದರೂ ಗೊತ್ತಾಗಿತ್ತಾ?"

ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ನಾನು. ಅವರ ಕಣ್ಣನ್ನೇ ನೋಡುತ್ತ ಹೇಳಿದೆ.

"ಇಲ್ಲ ಭಾವ. ಮೊನ್ನೆಯೂ ನಾಯಿಯನ್ನೇ ಬೈತಿದ್ದಳು."

"ಸದ್ಯ" ಅಂದರು ಭಾವ. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು.